ಡಿಗ್ರಿಯ ಮುಂದೆ ಇನ್ನೊಂದು ಡಿಗ್ರಿಯೋ, ಎಂ.ಎ.ಯೋ?



ಹಿಂದೆ ನಮ್ಮ ಕಡೂರು, ತರೀಕೆರೆ, ಅಜ್ಜಂಪುರದ ಮನೆಗಳಲ್ಲಿ ಕೇಳುತ್ತಿದ್ದ ಪ್ರಶ್ನೆ 'ಕಾಲೇಜಿಗೆ ಕಳಿಸುವುದೋ ಬೇಡವೋ' ಎಂಬುದಾಗಿತ್ತು. ಈಗ ಬಿ.ಎ., ಬಿ.ಕಾಂ. ಮುಗಿಸಿದ ಮಗಳೋ ಮಗನೋ ಮನೆಯಲ್ಲಿದ್ದಾರೆ. ಪ್ರಶ್ನೆ ಬದಲಾಗಿದೆ: ಎಂ.ಎ. ಮಾಡುವುದೋ, ಬಿ.ಎಡ್. ಅಥವಾ ಕಾನೂನಿನಂತಹ ಮತ್ತೊಂದು ಪದವಿಗೆ ಸೇರುವುದೋ? ಇದು ಸಣ್ಣ ವಿಷಯವಲ್ಲ. ಬಹುಪಾಲು ಮನೆಗಳು ಇನ್ನೆರಡು ವರ್ಷ ಕೊಡುತ್ತವೆ, ಅಷ್ಟೇ. ಹೆಣ್ಣುಮಕ್ಕಳಿಗಂತೂ ಆ ಎರಡು ವರ್ಷವೂ ಚೌಕಾಶಿ ಮಾಡಿ ಪಡೆದದ್ದು. ಅದನ್ನು ಗೆಳತಿ ಸೇರಿದಳೆಂದು ಸೇರಿ ಕಳೆದುಕೊಳ್ಳಬಾರದು.

2006ರ ಸಾಚಾರ್ ಸಮಿತಿ ವರದಿ ನಿಮಗೆ ಗೊತ್ತಿರಬಹುದು. ದೇಶದ ಪ್ರಮುಖ ಕಾಲೇಜುಗಳಲ್ಲಿ ಪದವಿ ತರಗತಿಯ 25 ವಿದ್ಯಾರ್ಥಿಗಳಲ್ಲಿ ಒಬ್ಬರು ಮುಸ್ಲಿಮರಾದರೆ, ಸ್ನಾತಕೋತ್ತರ ತರಗತಿಯಲ್ಲಿ 50ಕ್ಕೆ ಒಬ್ಬರು ಎಂದು ಅದು ಹೇಳಿತು. ಪದವಿಯ ಹೊಸ್ತಿಲು ದಾಟಿದವರು ಮುಂದಿನ ಹೊಸ್ತಿಲಲ್ಲಿ ಅರ್ಧಕ್ಕರ್ಧ ಕರಗಿಹೋಗುತ್ತಾರೆ ಎಂದಾಯಿತು. ಹಾಗೆಂದು ಎಲ್ಲರೂ ಎಂ.ಎ.ಗೆ ಓಡಿ ಎಂದು ನಾನು ಹೇಳಲಾರೆ.

'ಯಾವುದು ದೊಡ್ಡ ಡಿಗ್ರಿ' ಎಂದು ಕೇಳಬೇಡಿ. ನಿಮಗೆ ಬೇಕಾದ ಕೆಲಸದ ನೇಮಕಾತಿ ಪ್ರಕಟಣೆಯನ್ನು ಕೈಯಲ್ಲಿ ಹಿಡಿದು, ಅದರಲ್ಲಿ ಏನು ಕೇಳಿದ್ದಾರೆ ನೋಡಿ. ಹೈಸ್ಕೂಲು ಶಿಕ್ಷಕರಾಗಲು ಪದವಿಯ ಜೊತೆ ಬಿ.ಎಡ್. ಬೇಕು, ಬರೀ ಎಂ.ಎ. ಆ ಬಾಗಿಲು ತೆರೆಯುವುದಿಲ್ಲ. ಪದವಿ ಕಾಲೇಜಿನ ಸಹಾಯಕ ಪ್ರಾಧ್ಯಾಪಕರಾಗಲು ಎಂ.ಎ.ಯಲ್ಲಿ ಶೇಕಡ 55 ಅಂಕ, ಜೊತೆಗೆ ನೆಟ್ ಅಥವಾ ಕೆ-ಸೆಟ್ ಬೇಕು; ಅಲ್ಲಿ ಬಿ.ಎಡ್. ಕೇಳುವವರಿಲ್ಲ. ಕೇಂದ್ರದ ಒಬಿಸಿ ಪ್ರಮಾಣಪತ್ರವಿದ್ದು ಕೆನೆಪದರಕ್ಕೆ ಸೇರದವರಿಗೆ ಆ 55 ಎಂಬುದು 50 ಆಗುತ್ತದೆ. ಪಿಯು ಉಪನ್ಯಾಸಕರಾಗಬೇಕೆಂದರೆ ಎಂ.ಎ., ಬಿ.ಎಡ್. ಎರಡೂ ಬೇಕು. 2022ರಲ್ಲಿ ರಾಜ್ಯ ಸರ್ಕಾರ 15,000 ಪದವೀಧರ ಪ್ರಾಥಮಿಕ ಶಿಕ್ಷಕರ ಹುದ್ದೆಗಳಿಗೆ ಅರ್ಜಿ ಕರೆದಾಗ ಎಂ.ಎ. ಮಾತ್ರ ಇದ್ದವರು ಹೊರಗೆ ನಿಂತು ನೋಡಬೇಕಾಯಿತು.

'ಎರಡನೇ ಪದವಿ' ಎಂಬ ಮಾತಿನಲ್ಲೇ ಎರಡು ಜಾತಿ ಇದೆ. ಬಿ.ಎಡ್., ಎಲ್‌ಎಲ್.ಬಿ. ಇವು ಹೆಸರಿಗೆ ಬ್ಯಾಚುಲರ್ ಪದವಿಗಳು, ಆದರೆ ಮೊದಲ ಪದವಿಯ ಮೇಲೆ ಕಟ್ಟಿದ ವೃತ್ತಿಯ ಮೆಟ್ಟಿಲುಗಳು. ಬಿ.ಎ. ಆದ ಮೇಲೆ ಮತ್ತೆ ಬಿ.ಕಾಂ., ಬಿ.ಕಾಂ. ಆದ ಮೇಲೆ ಬಿ.ಸಿ.ಎ. ಎನ್ನುವುದು ಬೇರೆ. ಅದು ಅದೇ ಮೆಟ್ಟಿಲಲ್ಲಿ ಪಕ್ಕಕ್ಕೆ ಸರಿದಂತೆ. ಮೂರು ವರ್ಷ ಹೋಗುತ್ತದೆ, ಎತ್ತರ ಅಷ್ಟೇ ಇರುತ್ತದೆ. ಕಂಪ್ಯೂಟರ್ ಕಡೆ ಮನಸ್ಸಿರುವ ಬಿ.ಕಾಂ. ವಿದ್ಯಾರ್ಥಿನಿ ಮೊದಲು ಎಂ.ಸಿ.ಎ. ನಿಯಮ ಓದಲಿ. ಪಿಯುಸಿಯಲ್ಲೋ ಪದವಿಯಲ್ಲೋ ಗಣಿತ ಓದಿದ್ದರೆ ಬಿ.ಕಾಂ. ಮೇಲೆಯೇ ಸೇರಬಹುದು, ಆ ಕೋರ್ಸು 2020ರಿಂದ ಎರಡೇ ವರ್ಷ. ಸಮಾಜಕಾರ್ಯ, ಎಂ.ಬಿ.ಎ. ಮುಂತಾದವು ಬಹುಮಟ್ಟಿಗೆ ಯಾವುದೇ ಪದವಿಯವರಿಗೂ ತೆರೆದಿವೆ. ವಿಷಯ ಬದಲಿಸಲು ಹಿಂದಕ್ಕೆ ಹೋಗಲೇಬೇಕು ಎಂಬುದು ಅರ್ಧ ಸತ್ಯ. ಆದರೆ ಶಾಲಾ ಶಿಕ್ಷಕರ ನೇಮಕಾತಿಯಲ್ಲಿ ಪದವಿಯಲ್ಲಿ ಯಾವ ವಿಷಯ ಓದಿದ್ದೀರಿ ಎಂದು ನೋಡುತ್ತಾರೆ, ಅದನ್ನು ಮರೆಯಬೇಡಿ.

ಇನ್ನು ಬರೀ ಪ್ರೀತಿಗಾಗಿ ಓದುವುದಾದರೆ? ಕವಿ ನಿಸಾರ್ ಅಹಮದ್ ಓದಿದ್ದು, ಕಾಲೇಜುಗಳಲ್ಲಿ ಪಾಠ ಮಾಡಿದ್ದು ಭೂವಿಜ್ಞಾನ. 'ನಿತ್ಯೋತ್ಸವ' ಬರೆಯಲು ಅವರಿಗೆ ಕನ್ನಡದಲ್ಲೊಂದು ಬಿ.ಎ. ಬೇಕಾಗಲಿಲ್ಲ. ಪ್ರೀತಿಗೆ ಗ್ರಂಥಾಲಯ ಸಾಕು, ಫೀಸು ಕಟ್ಟಬೇಕಿಲ್ಲ.

ಹಾಗಾದರೆ ಮೊದಲು ಯಾವುದು? ಎರಡೂ ಬೇಕಾಗಬಹುದಾದವರಿಗೆ ನನ್ನ ಸಲಹೆ ಇಷ್ಟು: ಕಾಲೇಜಿಗೆ ಹೋಗದೆ ಮಾಡಲಾಗದ್ದನ್ನು ಈಗಲೇ ಮಾಡಿ. 2015ರಿಂದ ಬಿ.ಎಡ್. ಎರಡು ವರ್ಷದ್ದಾಗಿದೆ, ತರಗತಿಯ ಹಾಜರಿ, ಶಾಲೆಯಲ್ಲಿ ಪಾಠಾಭ್ಯಾಸ ತಪ್ಪುವುದಿಲ್ಲ. ಮೂರು ವರ್ಷದ ಎಲ್‌ಎಲ್.ಬಿ.ಗೂ ಹಾಜರಿ ಕಡ್ಡಾಯ. ಮದುವೆಯಾಗಿ, ಕೆಲಸಕ್ಕೆ ಸೇರಿ ಇವನ್ನು ಮಾಡುವುದು ಕಷ್ಟ. ಎಂ.ಎ. ಇತಿಹಾಸ, ಎಂ.ಎ. ಕನ್ನಡ, ಎಂ.ಕಾಂ. ಮೈಸೂರಿನ ಮುಕ್ತ ವಿಶ್ವವಿದ್ಯಾನಿಲಯದ ಮೂಲಕ ನಂತರವೂ ಆಗುತ್ತದೆ. ಆದರೆ ಎಚ್ಚರ: ಅದೇ ವಿಶ್ವವಿದ್ಯಾನಿಲಯದ ಮಾನ್ಯತೆ 2015ರಲ್ಲಿ ನಿಂತುಹೋಗಿ 2018ರಲ್ಲಿ ಮರಳಿ ಬಂತು. ನಡುವೆ ಸಿಕ್ಕಿಕೊಂಡವರ ಪಾಡು ನೆನಪಿರಲಿ. ಹಣ ಕಟ್ಟುವ ದಿನ ಆ ಕೋರ್ಸಿಗೆ ಆ ವರ್ಷ ಯುಜಿಸಿ ಅನುಮತಿ ಇದೆಯೇ ಎಂದು ನೋಡಿ.

ಇದಕ್ಕೆ ಅಪವಾದಗಳಿವೆ. ಎಂ.ಎಸ್ಸಿ.ಯ ಪ್ರಯೋಗಾಲಯ ಅಂಚೆಯಲ್ಲಿ ಬರುವುದಿಲ್ಲ. ತನ್ನ ವಿಷಯದಲ್ಲಿ ನಿಜವಾಗಿ ಮುಂದಿರುವ ವಿದ್ಯಾರ್ಥಿ ನೇರ ಶಂಕರಘಟ್ಟಕ್ಕೆ ಹೋಗಲಿ. 1987ರಲ್ಲಿ ಆರಂಭವಾದ ಕುವೆಂಪು ವಿಶ್ವವಿದ್ಯಾನಿಲಯ ನಮ್ಮ ಪಕ್ಕದ ಭದ್ರಾವತಿ ತಾಲ್ಲೂಕಿನಲ್ಲೇ ಇದೆ. ಪದವಿಯಲ್ಲಿ ಶೇಕಡ 50 ಮುಟ್ಟದೆ ಬಿ.ಎಡ್. ಸೀಟು ತಪ್ಪಿದವರಿಗೂ ಎಂ.ಎ.ಯೇ ದಾರಿ. ಎಂ.ಎ.ಯಲ್ಲಿ 50 ಬಂದರೆ ಅದನ್ನೇ ಬಿ.ಎಡ್. ಅರ್ಹತೆಗೆ ಪರಿಗಣಿಸುವ ಅವಕಾಶ ನಿಯಮದಲ್ಲಿದೆ. ಇದು ಅನೇಕರಿಗೆ ತಿಳಿದಿಲ್ಲ, ಸುಮ್ಮನೆ ಮನೆಯಲ್ಲಿ ಕುಳಿತಿದ್ದಾರೆ.

ಎರಡನ್ನೂ ಒಟ್ಟಿಗೆ ಮಾಡಬಹುದಂತೆ ಎಂದು ಕೇಳುತ್ತೀರಿ. 2022ರ ಏಪ್ರಿಲ್‌ನಲ್ಲಿ ಯುಜಿಸಿ ಏಕಕಾಲಕ್ಕೆ ಎರಡು ಕೋರ್ಸಿಗೆ ಒಪ್ಪಿಗೆ ನೀಡಿದ್ದು ನಿಜ. ಆದರೆ ಬಿ.ಎಡ್., ಕಾನೂನಿನಂತಹ ಕೋರ್ಸುಗಳಿಗೆ ಅವುಗಳ ಸ್ವಂತ ಮಂಡಳಿಗಳ ನಿಯಮವೂ ಅನ್ವಯಿಸುತ್ತದೆ. ಬಾಯಿಮಾತನ್ನು ನಂಬಿ ಎರಡೂ ಕಡೆ ಫೀಸು ಕಟ್ಟಬೇಡಿ.

ತಂದೆ-ತಾಯಂದಿರಿಗೆ ಒಂದು ಮಾತು. ದೂರ, ಖರ್ಚು ಎಂಬ ನಿಮ್ಮ ಆತಂಕ ಸುಳ್ಳಲ್ಲ. ಅಜ್ಜಂಪುರದ ಹುಡುಗಿ ತರೀಕೆರೆಗೆ ಬಂದು ಇನ್ನೊಂದು ಬಸ್ಸು ಹಿಡಿಯಬೇಕು; ಸಂಜೆಯ ಬಸ್ಸು ತಪ್ಪಿದರೆ ಮನೆಯಲ್ಲಿ ಎಲ್ಲರಿಗೂ ದಿಗಿಲು. ಆದರೆ 2023ರ ಜೂನ್‌ನಿಂದ ಸರ್ಕಾರಿ ಸಾಮಾನ್ಯ ಬಸ್ಸುಗಳಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ ಇಲ್ಲ. ಮಗಳನ್ನು ಎರಡು ವರ್ಷ ಓದಿಸುವುದೆಂದು ಒಪ್ಪಿದರೆ ಎರಡೂ ವರ್ಷ ಓದಿಸಿ. ಮೊದಲ ವರ್ಷದ ನಡುವೆ ಸಂಬಂಧ ಕುದುರಿದರೆ ಪರೀಕ್ಷೆ ಮುಗಿಯುವವರೆಗೆ ಕಾಯುವ ಮಾತನ್ನು ಗಂಡಿನ ಕಡೆಯವರಿಗೆ ಮೊದಲೇ ಹೇಳಿ. ಅರ್ಧ ಬಿ.ಎಡ್.ಗೆ ಯಾವ ಪ್ರಕಟಣೆಯಲ್ಲೂ ಬೆಲೆಯಿಲ್ಲ.

ಕೊನೆಯದಾಗಿ ವಿದ್ಯಾರ್ಥಿವೇತನ. ಒಂದು ಹಂತ ಮುಗಿಸಿ ಅದೇ ಹಂತದಲ್ಲಿ ಮತ್ತೊಂದು ಕೋರ್ಸು ಓದುವವರಿಗೆ ಹಲವು ಯೋಜನೆಗಳು ಹಣ ಕೊಡುವುದಿಲ್ಲ. ಸೇರಿದ ಮೇಲೆ ಇದು ತಿಳಿದರೆ ಫೀಸಿನ ಭಾರ ಮನೆಯ ಮೇಲೆ ಬೀಳುತ್ತದೆ. ಪಿಎಚ್.ಡಿ.ಯವರಿಗಿದ್ದ ಮೌಲಾನಾ ಆಜಾದ್ ಫೆಲೋಶಿಪ್ ಕೂಡ 2022ರಲ್ಲಿ ನಿಂತಿದೆ. ಅದನ್ನು ನಂಬಿ ಲೆಕ್ಕ ಹಾಕಬೇಡಿ. ಅರ್ಜಿ ತುಂಬುವ ಮುಂಚೆ ಅಂಕಪಟ್ಟಿ, ಜಾತಿ ಮತ್ತು ಆದಾಯ ಪ್ರಮಾಣಪತ್ರ ಹಿಡಿದು ಅಲ್ಪಸಂಖ್ಯಾತರ ಕಲ್ಯಾಣ ಇಲಾಖೆಯ ಕಚೇರಿಗೆ ಹೋಗಿ, ಕೋರ್ಸಿನ ಹೆಸರು ಹೇಳಿಯೇ ವಿಚಾರಿಸಿ.