ಮ್ಯಾಗಝಿನ್: ಒಂದು ಪದದ ಪ್ರಯಾಣ



ಇಂಗ್ಲಿಷ್ ಎಂದರೆ ಪರರ ಸೊತ್ತು ಎಂದು ಹಿಂಜರಿಯುವ ಮಕ್ಕಳನ್ನು ತರಗತಿಯಲ್ಲಿ ದಿನವೂ ಕಾಣುತ್ತೇನೆ. ಅಂಥವರು ಮ್ಯಾಗಝಿನ್ ಎಂಬ ಪದವನ್ನೇ ನೋಡಿ. ಇದರ ಮೂಲ ಅರಬಿಯ 'ಮಖ್ಝನ್', ಅಂದರೆ ಉಗ್ರಾಣ, ಬಹುವಚನ 'ಮಖಾಝಿನ್'. ನಾವು ಆಡುವ ಖಜಾನೆ, ಖಜಾಂಚಿ ಪದಗಳೂ ಇದೇ ಧಾತುವಿನವು. ನಮ್ಮ ಸಂಘದ ಖಜಾಂಚಿಯವರು ಈ ಪದಕ್ಕೆ ಹತ್ತಿರದ ನೆಂಟರಾದರು!

ಅರಬಿಯಿಂದ ಇದು ಇಟಾಲಿಯನ್ ಭಾಷೆಗೆ, ಬಳಿಕ ಫ್ರೆಂಚಿಗೆ ಹೋಯಿತು. ಫ್ರೆಂಚಿನಲ್ಲಿ ಇಂದಿಗೂ ಇದಕ್ಕೆ ಅಂಗಡಿ ಎಂಬ ಅರ್ಥವಿದೆ. 16ನೇ ಶತಮಾನದಲ್ಲಿ ಇಂಗ್ಲಿಷಿಗೆ ಬಂದಾಗಲೂ ಉಗ್ರಾಣವೇ. ಸೈನಿಕರಿಗೆ ಮದ್ದಿನ ಮನೆ. ಶ್ರೀರಂಗಪಟ್ಟಣದಲ್ಲಿ ಟಿಪ್ಪು ಸುಲ್ತಾನರ ಕಾಲದ ಅಂಥ ಮದ್ದಿನ ಮನೆಗಳನ್ನು ನಿಮ್ಮಲ್ಲಿ ಕೆಲವರು ನೋಡಿರಬಹುದು. ಬಂದೂಕಿನಲ್ಲಿ ಗುಂಡು ತುಂಬುವ ಪೆಟ್ಟಿಗೆಗೂ ಇದೇ ಹೆಸರು. 1731ರಲ್ಲಿ ಲಂಡನ್ನಿನ ಎಡ್ವರ್ಡ್ ಕೇವ್ ತನ್ನ ಪತ್ರಿಕೆಯನ್ನು 'ಜಂಟಲ್‌ಮನ್ಸ್ ಮ್ಯಾಗಝಿನ್' ಎಂದು ಕರೆದನು. ಬಗೆಬಗೆಯ ಬರಹಗಳ ಉಗ್ರಾಣ ಎಂಬುದು ಅವನ ಭಾವ. ನಿಯತಕಾಲಿಕೆ ಎಂಬ ಅರ್ಥ ಅಲ್ಲಿಂದ ರೂಢಿಯಾಯಿತು.

ನನಗೆ ಬಹಳ ಹಿಡಿಸಿದ್ದು ಮುಂದಿನ ಸಂಗತಿ. 1901ರಲ್ಲಿ ಶೇಖ್ ಅಬ್ದುಲ್ ಖಾದಿರ್ ಲಾಹೋರಿನಲ್ಲಿ ಉರ್ದು ಮಾಸಿಕವೊಂದನ್ನು ಆರಂಭಿಸಿ, ಅದಕ್ಕೆ 'ಮಖ್ಝನ್' ಎಂದೇ ಹೆಸರಿಟ್ಟರು. ಯುರೋಪು ಸುತ್ತಿ ಬಂದ ಪದಕ್ಕೆ ಹಳೆಯ ಉಡುಪು ಮರಳಿ ಸಿಕ್ಕಂತಾಯಿತು. ಅದರ ಮೊದಲ ಸಂಚಿಕೆಯಲ್ಲೇ ಯುವ ಅಧ್ಯಾಪಕ ಇಕ್ಬಾಲರ 'ಹಿಮಾಲಾ' ಕವಿತೆ ಅಚ್ಚಾಯಿತು.

ಇನ್ನು ನಿಘಂಟು ತೆರೆದಾಗ ಪದದ ಅರ್ಥಕ್ಕೇ ನಿಲ್ಲಬೇಡಿ, ಮೂಲವನ್ನೂ ಓದಿ. ರಮಝಾನಿನಲ್ಲಿ ನಿಮ್ಮ ಅಮ್ಮಿ ಮಾಡುವ ಶರಬತ್ತಿನ ನೆಂಟ 'ಸಿರಪ್' ಅಲ್ಲೇ ಸಿಗುತ್ತದೆ.