ಹಳೇ ಟ್ರ್ಯಾಕ್ಟರಿಗೆ ಬೆಲೆ ಕಟ್ಟುವುದು ಹೇಗೆ?

(ಬೆಳ್ಳಿಹಬ್ಬದ ಅಂಗವಾಗಿ ನಡೆದ ಸದಸ್ಯರ ಸಭೆಯಲ್ಲಿ ಸಂಘದ ನಿರ್ದೇಶಕರೊಬ್ಬರು ಆಡಿದ ಮಾತುಗಳು)



ಸಾಲ, ವಸೂಲಿ, ಗೊಬ್ಬರದ ದಾಸ್ತಾನು ಇವುಗಳ ವಿಚಾರ ಕಾರ್ಯದರ್ಶಿಗಳು ಆಗಲೇ ಹೇಳಿದ್ದಾರೆ. ನಮಗೆ ಕೊಟ್ಟಿರುವ ಹತ್ತು ನಿಮಿಷದಲ್ಲಿ ನಾವು ಬೇರೆ ವಿಷಯ ಹೇಳುತ್ತೇವೆ. ನಮ್ಮೂರಿನ ನಾಲ್ಕೈದು ಕೊಟ್ಟಿಗೆಗಳಲ್ಲಿ ಹಳೇ ಟ್ರ್ಯಾಕ್ಟರುಗಳು ನಿಂತಿವೆ. ಒಂದರ ಸೀಟಿನ ಮೇಲೆ ಕೋಳಿ ಕಾವಿಗೆ ಕೂತಿದೆ. ಗುಜರಿಯವರು ತಿಂಗಳಿಗೊಂದು ಸಲ ಬಂದು ಕೇಳುತ್ತಾರೆ, ಕಿಲೋಗೆ ಇಷ್ಟು ಅಂತ. ಅದು ಕಬ್ಬಿಣದ ಬೆಲೆ, ಟ್ರ್ಯಾಕ್ಟರಿನ ಬೆಲೆ ಅಲ್ಲ.

ಈ ಮಾತು ಬಂದದ್ದು ಹೀಗೆ. ನಮ್ಮ ಸದಸ್ಯರೊಬ್ಬರು ತೀರಿಕೊಂಡು ಎರಡು ವರ್ಷ ಆಯ್ತು. ಅವರ ಮನೆಯವರು ಸಂಘದ ಕಚೇರಿಗೆ ಬಂದು, "ಅಣ್ಣಾ, ಗುಜರಿಯವನು ನಾಳೆ ಲಾರಿ ತತ್ತೀನಿ ಅಂದವ್ನೆ. ಮಗಳ ಫೀಜು ಕಟ್ಟಬೇಕು. ಕೊಡ್ಲೋ ಬೇಡ್ವೋ?" ಎಂದು ಕೇಳಿದರು. "ಒಂದು ವಾರ ತಡೆಯಕ್ಕಾ" ಎಂದು ಹೇಳಿ, ನಾವು ಮೂವರು ನಿರ್ದೇಶಕರು ಪೇಟೆಯಿಂದ ಮೆಕ್ಯಾನಿಕ್ ಒಬ್ಬರನ್ನು ಕರೆದುಕೊಂಡು ಹೋದೆವು.

ಅದು ಎಚ್.ಎಂ.ಟಿ. ಝೆಟರ್ 2511. ಹುಡುಗರಿಗೆ ಈ ಹೆಸರೇ ಹೊಸದು. 1953ರಲ್ಲಿ ನಮ್ಮ ಬೆಂಗಳೂರಿನಲ್ಲಿ ಶುರುವಾದ ಎಚ್.ಎಂ.ಟಿ. ಅಂದರೆ ಎಲ್ಲರಿಗೂ ಕೈಗಡಿಯಾರ ನೆನಪಾಗುತ್ತದೆ. ಅದೇ ಕಂಪನಿ 1971ರಲ್ಲಿ ಹರಿಯಾಣದ ಪಿಂಜೋರಿನಲ್ಲಿ ಚೆಕೊಸ್ಲೊವಾಕಿಯಾದ ಝೆಟರ್ ಕಂಪನಿಯ ನಕ್ಷೆಯ ಮೇಲೆ ಟ್ರ್ಯಾಕ್ಟರ್ ಮಾಡಲು ಹೊರಟಿತು. ಮೊದಲು ಬಂದದ್ದೇ 2511, 25 ಅಶ್ವಶಕ್ತಿ, ಎರಡು ಸಿಲಿಂಡರ್. ಆ ಕಾಲದಲ್ಲಿ ಟ್ರ್ಯಾಕ್ಟರ್ ಬೇಕೆಂದರೆ ದುಡ್ಡು ಕಟ್ಟಿ ಸರದಿ ಕಾಯಬೇಕಿತ್ತು. 2016ರಲ್ಲಿ ಕೇಂದ್ರ ಸರ್ಕಾರ ಆ ಟ್ರ್ಯಾಕ್ಟರ್ ವಿಭಾಗವನ್ನೇ ಮುಚ್ಚಲು ಒಪ್ಪಿತು. ಅಂದರೆ ಇನ್ನು ಹೊಸದು ಹುಟ್ಟುವುದಿಲ್ಲ, ಇರುವುದು ದಿನೇ ದಿನೇ ಕರಗುತ್ತದೆ.

ಹಾಗಂತ ಹಳೆಯದೆಲ್ಲಾ ಚಿನ್ನವಲ್ಲ. ಅಪರೂಪವಾಗಿದ್ದರೂ ಕೇಳುವವನು ಇರಬೇಕು. ಪಂಜಾಬಿನಲ್ಲಿ ಇದೇ ಕಂಪನಿಯ 5911 ಎಂಬ ದೊಡ್ಡ ಟ್ರ್ಯಾಕ್ಟರಿಗೆ ಹುಡುಗರು ಮುಗಿಬೀಳುತ್ತಾರೆ. ಗಾಯಕ ಸಿಧು ಮೂಸೆವಾಲಾ ಅವರಿಗೆ ಅದರ ಮೇಲೆ ಬಹಳ ಪ್ರೀತಿ. 2022ರ ಮೇ ತಿಂಗಳಲ್ಲಿ ಅವರ ಕೊಲೆಯಾದಾಗ ಅಂತಿಮ ಯಾತ್ರೆಯೂ ಆ ಟ್ರ್ಯಾಕ್ಟರಿನಲ್ಲೇ ನಡೆಯಿತು. ಅಲ್ಲಿಯ ಆಸೆಯ ಬೆಲೆಯನ್ನು ಇಲ್ಲಿಯ 2511ಕ್ಕೆ ಕಟ್ಟಿದರೆ ಆಗುತ್ತಾ? ಫೋನಿನಲ್ಲಿ ಯಾರೋ ಲಕ್ಷಗಟ್ಟಲೆ ಹೇಳಿದ್ದು ನೋಡಿ ನಮ್ಮವರು ಕನಸು ಕಾಣುತ್ತಾರೆ. ಅದು ಮಾರುವವನು ಕೇಳಿದ ಬೆಲೆ. ಕೊಳ್ಳುವವನು ಎಣಿಸಿದ ಬೆಲೆ ಎಷ್ಟು ಅಂತ ವಿಚಾರಿಸಿ, ಅದೇ ಬೇಕಾದದ್ದು.

ನಾವು ಮೊದಲು ನೋಡಿದ್ದು ನಂಬರು. ಇಂಜಿನ್ ನಂಬರು, ಚಾಸಿ ನಂಬರು ಎರಡೂ ಆರ್.ಸಿ. ಪುಸ್ತಕಕ್ಕೆ ಹೊಂದಬೇಕು. ತುಕ್ಕು ಹಿಡಿದಿದ್ದರೆ ಸೀಮೆಎಣ್ಣೆಯಲ್ಲಿ ಬಟ್ಟೆ ಅದ್ದಿ ನಿಧಾನಕ್ಕೆ ಒರೆಸಿ, ಮೇಲೆ ಸೀಮೆಸುಣ್ಣ ಉಜ್ಜಿ. ಅಕ್ಷರ ತಾನೇ ಎದ್ದು ಕಾಣುತ್ತದೆ. ಗ್ರೈಂಡರ್ ಹಿಡಿದರೆ ನಂಬರೇ ಹೋದೀತು! ಇಂಜಿನ್ ಬದಲಾಗಿದ್ದರೆ ಉಳುಮೆಗೆ ತೊಂದರೆ ಇಲ್ಲ, ಆದರೆ ಹಳೆಯದನ್ನು ಹುಡುಕಿ ಬರುವವನು ಅರ್ಧಕ್ಕೆ ಇಳಿಸುತ್ತಾನೆ.

ಆಮೇಲೆ ಏನೇನು ಇದೆ, ಏನು ಇಲ್ಲ ಎಂಬ ಲೆಕ್ಕ. ಬಾನೆಟ್ಟಿನ ಹೆಸರಿನ ಪಟ್ಟಿ, ಮೀಟರು, ದೀಪ, ಸೀಟು, ಮಡ್‌ಗಾರ್ಡು, ಡೀಸೆಲ್ ಪಂಪು, ಲಿಫ್ಟಿನ ತೋಳುಗಳು. ಟೈರು, ಬ್ಯಾಟರಿ ಅಂಗಡಿಯಲ್ಲಿ ಸಿಗುತ್ತವೆ. ಮೂಲದ ತಗಡು, ಮೀಟರು ಸಿಗುವುದಿಲ್ಲ. ಆದ್ದರಿಂದ ಚಕ್ರ ಚಪ್ಪಟೆಯಾಗಿ ಕೂತ ಗಾಡಿಯನ್ನು ನೋಡಿ ಮೂಗು ಮುರಿಯಬೇಡಿ. ಆ ಅಕ್ಕನ ಗಾಡಿಗೆ ಒಂದು ದೀಪ, ಸೈಲೆನ್ಸರ್ ಬಿಟ್ಟರೆ ಮಿಕ್ಕದ್ದೆಲ್ಲಾ ಇತ್ತು. ಯಜಮಾನರು ಬಿಚ್ಚಿದ ಬೋಲ್ಟನ್ನೂ ಡಬ್ಬಿಯಲ್ಲಿ ಕಟ್ಟಿಟ್ಟ ಮನುಷ್ಯ.

ಬಣ್ಣದ ವಿಚಾರಕ್ಕೆ ನಮ್ಮಲ್ಲೇ ಜಗಳವಾಯಿತು. ಪೇಂಟ್ ಹೊಡೆಸಿದರೆ ರೇಟು ಬರುತ್ತೆ ಅಂತ ಹುಡುಗರು. ಬೇಡ ಅಂತ ನಾವು. ಹೊಸ ಬಣ್ಣದ ಕೆಳಗೆ ವೆಲ್ಡಿಂಗು, ಬಿರುಕು, ಲಪ್ಪ ಏನು ಬೇಕಾದರೂ ಅಡಗುತ್ತದೆ, ತಿಳಿದವನಿಗೆ ಅನುಮಾನವೇ ಮೊದಲು. 2021ರ ಜುಲೈನಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ವಾಹನಗಳಿಗೆ ತಂದ ನಿಯಮದಲ್ಲೂ 50 ವರ್ಷ ದಾಟಿರಬೇಕು, ಮೂಲ ರೂಪ ಉಳಿದಿರಬೇಕು ಎಂದೇ ಇದೆ. ಮಾಸಿದ ಬಣ್ಣ ಸುಳ್ಳು ಹೇಳುವುದಿಲ್ಲ.

ನಿಂತುಹೋದ ಇಂಜಿನ್ನಿಗೆ ಇನ್ನೊಂದು ಟ್ರ್ಯಾಕ್ಟರ್ ಕಟ್ಟಿ ಎಳೆಯುವುದು ನಮ್ಮೂರಿನ ಚಾಳಿ. ದಯವಿಟ್ಟು ಬೇಡಿ. ಪಿಸ್ಟನ್ ತುಕ್ಕಿನಿಂದ ಕಚ್ಚಿಕೊಂಡಿದ್ದರೆ ರಿಂಗು ಮುರಿಯುತ್ತದೆ, ರಾಡು ಬಗ್ಗುತ್ತದೆ. ಮೆಕ್ಯಾನಿಕ್ ನಾಜಲ್ ಬಿಚ್ಚಿ ಸಿಲಿಂಡರಿಗೆ ಎಣ್ಣೆ ಬಿಟ್ಟು ನಾಲ್ಕು ದಿನ ಹಾಗೇ ಬಿಟ್ಟರು. ಐದನೇ ದಿನ ಕೈಯಲ್ಲಿ ತಿರುಗಿತು. ಆಯಿಲ್ ಹಾಲಿನಂತಿದ್ದರೆ ನೀರು ಸೇರಿದೆ ಎಂದರ್ಥ. ಹೆಡ್ಡೋ ಬ್ಲಾಕೋ ನೋಡಿಸಬೇಕು. ಸ್ಟಾರ್ಟಾದ ಮೇಲೆ ಹೊಗೆ ನೋಡಿ. ಬಿಸಿಯಾದ ಮೇಲೂ ನೀಲಿ ಹೊಗೆ ನಿಲ್ಲದಿದ್ದರೆ ಆಯಿಲ್ ಸುಡುತ್ತಿದೆ, ಖರ್ಚು ದೊಡ್ಡದು. ಲಿಫ್ಟಿಗೆ ಕಲ್ಟಿವೇಟರ್ ಹಾಕಿ ಮೇಲೆತ್ತಿ, ಒಂದು ಬೀಡಿ ಸೇದುವಷ್ಟು ಹೊತ್ತು ಬಿಡಿ. ತಾನಾಗಿ ಇಳಿದರೆ ಒಳಗೆ ಸೋರಿಕೆ ಇದೆ. ಇಲ್ಲಿ ಇಳಿಯಿತು, ಬರೆದುಕೊಂಡೆವು.

ಬೆಲೆ ಕಟ್ಟಿದ್ದು ಹೀಗೆ. ನಡೆಯುವ ಸ್ಥಿತಿಯ ಅಂಥದೇ ಗಾಡಿ ಸುತ್ತಮುತ್ತ ಎಷ್ಟಕ್ಕೆ ಕೈ ಬದಲಾಯಿಸಿದೆ ಎಂದು ಮೂರು ಕಡೆ ಕೇಳಿದೆವು. ಅದರಲ್ಲಿ ಟೈರು, ಬ್ಯಾಟರಿ, ಲಿಫ್ಟ್ ರಿಪೇರಿ ಖರ್ಚು ಕಳೆದೆವು. ನಂಬರು ಹೊಂದಿದ್ದಕ್ಕೆ, ಮೂಲ ತಗಡು ಉಳಿದದ್ದಕ್ಕೆ ಸ್ವಲ್ಪ ಸೇರಿಸಿದೆವು. ಗುಜರಿಯವನ ಮಾತಿಗಿಂತ ಎರಡೂವರೆ ಪಟ್ಟು ಬಂತು. ಇದಕ್ಕಿಂತ ಕೆಳಗೆ ಕೊಡಬೇಡಿ ಎಂದು ಚೀಟಿ ಬರೆದುಕೊಟ್ಟೆವು. ಫೀಜಿಗೆ ಸಂಘದಿಂದಲೇ ಆಭರಣ ಸಾಲ ಆಯಿತು, ಅವಸರ ತಪ್ಪಿತು. ಅವಸರದವನಿಗೆ ಒಳ್ಳೆ ಬೆಲೆ ಎಲ್ಲಿಂದ ಬರಬೇಕು?

ಹಳೇ ಗಾಡಿ ಕೂಡಿಡುವ ಹವ್ಯಾಸದವರೊಬ್ಬರು ಬಂದು ನೋಡಿ, ನಮ್ಮ ಚೀಟಿಯ ಬೆಲೆಗೆ ಹತ್ತಿರ ಬಂದರು. ಆದರೆ ವ್ಯಾಪಾರ ಕಾಗದದಲ್ಲಿ ನಿಂತಿದೆ. ಸಾಲ ತೀರಿ ಮೂವತ್ತು ವರ್ಷವಾದರೂ ಆರ್.ಸಿ.ಯಲ್ಲಿ ಬ್ಯಾಂಕಿನ ಹೆಸರು ಹಾಗೇ ಇದೆ. ಬ್ಯಾಂಕಿನ ಬೇಬಾಕಿ ಪತ್ರ ತಂದು ನಮೂನೆ 35ರಲ್ಲಿ ಅದನ್ನು ತೆಗೆಸಬೇಕು. ಯಜಮಾನರು ಇಲ್ಲದ್ದರಿಂದ ನಮೂನೆ 31ರಲ್ಲಿ ಮೊದಲು ಮನೆಯವರ ಹೆಸರಿಗೆ, ಆಮೇಲೆ 29, 30ರಲ್ಲಿ ಕೊಳ್ಳುವವರ ಹೆಸರಿಗೆ. ಕೊಳ್ಳುವವರು ಕಾಯುತ್ತೇವೆ ಅಂದಿದ್ದಾರೆ.

ನಿಮ್ಮಲ್ಲೂ ಎಷ್ಟೋ ಜನರ ಆರ್.ಸಿ.ಯಲ್ಲಿ ಬ್ಯಾಂಕಿನ ಹೆಸರು ಉಳಿದಿರುತ್ತದೆ. ಗೋಡೆ ಬೀರು ತೆಗೆದು ನೋಡಿ. ಇದ್ದರೆ ಸೋಮವಾರ ಬೆಳಿಗ್ಗೆ ಪುಸ್ತಕ, ಹಳೇ ರಸೀದಿ ಎರಡೂ ಹಿಡಿದು ಸಂಘಕ್ಕೆ ಬನ್ನಿ. ಅರ್ಜಿ ಬರೆದುಕೊಡಲು ಕಾರ್ಯದರ್ಶಿಗಳು ಒಪ್ಪಿದ್ದಾರೆ.