ನಿದ್ದೆಗೂ ಹೊತ್ತು ಬೇಕು
(ಮಾಸಿಕ ಶಿವಾನುಭವ ಗೋಷ್ಠಿಯಲ್ಲಿ ಮಾಡಿದ ಉಪನ್ಯಾಸದ ಬರಹರೂಪ)

 

ವೈದ್ಯೆಯಾದ ನನಗೆ ಪೂಜ್ಯರು ಕೊಟ್ಟ ವಿಷಯ ‘ಒಳ್ಳೆಯ ನಿದ್ದೆ’. ಕೇಳುತ್ತ ಕೇಳುತ್ತ ಯಾರಾದರೂ ತೂಕಡಿಸಿದರೆ ನನಗೇನೂ ಬೇಸರವಿಲ್ಲ. ಅವರಿಗೆ ನಿದ್ದೆ ಸಾಲದಾಗಿದೆ ಎಂದು ತಿಳಿಯುತ್ತೇನೆ, ಅಷ್ಟೆ.

ಕಡಿಮೆ ಮಲಗುವವರನ್ನು ಹೊಗಳುವ ರೂಢಿ ನಮ್ಮಲ್ಲಿದೆ. ‘ನಮ್ಮಪ್ಪಾರು ನಾಕಕ್ಕ ಎದ್ದು ಲಿಂಗಪೂಜೆ ಮುಗಸ್ತಾರ’ ಎಂದು ಹೆಮ್ಮೆ ಪಡುತ್ತೇವೆ. ನಸುಕಿನಲ್ಲಿ ಏಳುವುದು ಒಳ್ಳೆಯದೇ. ಆದರೆ ಹಾಗೆ ಏಳುತ್ತಿದ್ದ ಹಿರಿಯರು ರಾತ್ರಿ 9ರೊಳಗೆ ದೀಪ ಸಣ್ಣದು ಮಾಡಿ ಮಲಗುತ್ತಿದ್ದರು. ನಾವು ಅವರಿಂದ ಏಳುವ ಹೊತ್ತನ್ನು ಮಾತ್ರ ಕಲಿತೆವು. ಮಲಗುವ ಹೊತ್ತನ್ನು ಟಿ.ವಿ.ಗೂ ಮೊಬೈಲಿಗೂ ಒಪ್ಪಿಸಿದೆವು. ದೊಡ್ಡವರಿಗೆ ದಿನಕ್ಕೆ ಕನಿಷ್ಠ 7 ಗಂಟೆ ನಿದ್ದೆ ಬೇಕು, ಹದಿಹರೆಯದ ಮಕ್ಕಳಿಗೆ 8ರಿಂದ 10 ಗಂಟೆ.

ನಿದ್ದೆಗೆ ದೇಹದೊಳಗೆ ಒಂದು ಗಡಿಯಾರವಿದೆ. ಅದು ನಡೆಯುವ ಬಗೆಯನ್ನು ಹಣ್ಣಿನ ನೊಣಗಳಲ್ಲಿ ಪತ್ತೆಹಚ್ಚಿದ ಮೂವರು ವಿಜ್ಞಾನಿಗಳಿಗೆ 2017ರಲ್ಲಿ ನೊಬೆಲ್ ಬಂತು. ಮುಂಜಾನೆಯ ಬೆಳಕು ಆ ಗಡಿಯಾರವನ್ನು ಸರಿಪಡಿಸುತ್ತದೆ. ರಾತ್ರಿಯ ಪ್ರಖರ ಬೆಳಕು ಅದನ್ನು ಹಿಂದೆ ಬೀಳಿಸುತ್ತದೆ. ಇನ್ನು ಚಹಾ. ಅದರಲ್ಲಿರುವ ಕೆಫೀನ್ ಅರ್ಧದಷ್ಟು ಇಳಿಯಲು ಸುಮಾರು 5 ಗಂಟೆ ಬೇಕು. ಸಂಜೆ 7ಕ್ಕೆ ಕುಡಿದ ಚಹಾದ ಅರ್ಧ ಪಾಲು ನಡುರಾತ್ರಿಯಲ್ಲೂ ಮೈಯಲ್ಲಿ ಎಚ್ಚರವಾಗಿರುತ್ತದೆ.

ಇವೆಲ್ಲ ನೀವು ಅಲ್ಲಿ ಇಲ್ಲಿ ಕೇಳಿರುವ ಮಾತುಗಳೇ. ನಾನು ಹೇಳಬೇಕೆಂದು ಬಂದದ್ದು ಬೇರೆ.

ನನ್ನ ಬಳಿಗೆ ಬರುವ ಹೆಣ್ಣುಮಕ್ಕಳಲ್ಲಿ ಬಹಳ ಮಂದಿ ಕೇಳುವುದು ಒಂದೇ: ‘ಡಾಕ್ಟ್ರೇ, ನಿದ್ದಿ ಬರೂದಿಲ್ಲ, ಏನರ ಗುಳಿಗಿ ಕೊಡ್ರಿ.’

‘ಎಷ್ಟೊತ್ತಿಗೆ ಮಲಗ್ತೀಯವ್ವಾ?’

‘ಎಲ್ಲಾರೂ ಉಂಡು, ಭಾಂಡೆ ತೊಳೆದ ಮ್ಯಾಲ ರೀ. ಹನ್ನೊಂದೂವರಿ ಆಗ್ತದ.’

‘ಏಳೂದು?’

‘ನಾಕೂವರಿಗೆ ರೀ. ಮಾವನೋರ ಜಳಕಕ್ಕ ನೀರು ಕಾಸಬೇಕಲ್ರೀ.’

ಇದು ನಿದ್ದೆ ಬಾರದ ರೋಗವೇ? ಮಲಗಲು ಸಾಕಷ್ಟು ಹೊತ್ತಿದ್ದೂ ನಿದ್ದೆ ಬಾರದಿದ್ದರೆ ಅದನ್ನು ವೈದ್ಯರು ನಿದ್ರಾಹೀನತೆ ಎನ್ನುತ್ತಾರೆ. ಈ ತಾಯಿಗೆ ಮನೆಯವರು ಕೊಟ್ಟಿರುವುದೇ 5 ಗಂಟೆ. ಅದಕ್ಕೆ ನಾನು ಯಾವ ಗುಳಿಗೆ ಬರೆಯಲಿ? ಗಂಡನನ್ನೋ ಅತ್ತೆಯನ್ನೋ ಕರೆಸಿ ಮಾತಾಡುತ್ತೇನೆ. ಕೆಲವರು ಕೇಳುತ್ತಾರೆ. ಕೆಲವರು, ‘ನಾವೂ ಹಿಂಗ ದುಡದೀವ್ರೀ’ ಎನ್ನುತ್ತಾರೆ. ಆ ಅತ್ತೆಯ ಮಾತು ಸುಳ್ಳಲ್ಲ, ಆಕೆಯ ನಿದ್ದೆಯನ್ನೂ ಯಾರೋ ಹೀಗೆಯೇ ಕಸಿದಿದ್ದರು.

ಕಾಯಕಕ್ಕೆ ಮೇಲು ಕೀಳಿಲ್ಲ ಎಂದು ಈ ವೇದಿಕೆಯಿಂದ ಎಷ್ಟು ಸಲ ಕೇಳಿದ್ದೇವೆ! ಪೂಜೆಗೆ ಕೂಡುವವರು ತಮ್ಮ ಜಳಕದ ನೀರನ್ನು ತಾವೇ ಕಾಸಿಕೊಂಡರೆ ಪೂಜೆಗೆ ಏನು ಕೊರತೆ? ಮನೆಯಲ್ಲಿ ಒಬ್ಬಳು ನಿದ್ದೆಗೆಟ್ಟು ನಡೆಸಿಕೊಡುವ ನೇಮವನ್ನು ನನ್ನ ನೇಮವೆಂದು ಹೇಳಿಕೊಳ್ಳಲು ನನಗಂತೂ ಸಂಕೋಚ.

ರೈತ ಬಾಂಧವರದು ಇನ್ನೊಂದು ಪಾಡು. ತ್ರೀಫೇಸ್ ಕರೆಂಟ್ ರಾತ್ರಿ ಬಂದರೆ ಪಂಪ್‌ಸೆಟ್ಟಿಗೆ ರಾತ್ರಿಯೇ ಓಡಬೇಕು, ಹಾವು ಚೇಳಿನ ನಡುವೆ ನೀರು ಹಾಯಿಸಬೇಕು. ಅವರಿಗೆ ‘ಬೇಗ ಮಲಗಿರಿ’ ಎಂದು ಉಪದೇಶಿಸಲು ನನಗೆ ಬಾಯಿಲ್ಲ. ಹಗಲು ಕರೆಂಟ್ ಕೇಳುವುದು ಆರೋಗ್ಯದ ಬೇಡಿಕೆಯೂ ಹೌದು.

ಹೊತ್ತು ಇದ್ದೂ ನಿದ್ದೆ ಬಾರದವರಿಗೆ ಎರಡು ಮಾತು. 20 ನಿಮಿಷವಾದರೂ ಕಣ್ಣು ಹತ್ತದಿದ್ದರೆ ಹೊರಳಾಡುತ್ತ ಬಿದ್ದಿರಬೇಡಿ. ಎದ್ದು ಮಂದ ಬೆಳಕಿನಲ್ಲಿ ಕೂತು, ಜೊಂಪು ಬಂದಾಗ ಮತ್ತೆ ಹಾಸಿಗೆಗೆ ಹೋಗಿ. ಎಷ್ಟೊತ್ತಿಗೇ ಮಲಗಿದರೂ ಏಳುವ ಹೊತ್ತು ಬದಲಿಸಬೇಡಿ. ಪಕ್ಕದ ಮನೆಯವರ ನಿದ್ದೆಗುಳಿಗೆ ಮಾತ್ರ ಖಂಡಿತ ಬೇಡ. ಜೋರಾಗಿ ಗೊರಕೆ ಹೊಡೆಯುತ್ತ ನಡುವೆ ಉಸಿರು ನಿಂತಂತಾಗುವವರು ವೈದ್ಯರನ್ನು ಕಾಣಲೇಬೇಕು. ಅದು ರಕ್ತದೊತ್ತಡವನ್ನೂ ಏರಿಸುತ್ತದೆ.

ನಮ್ಮ ಸಭೆಗಳದೂ ಒಂದು ಪಾಲಿದೆ. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಲ್ಲಿ ಧ್ವನಿವರ್ಧಕ ಕೂಡದೆಂದು 2000ನೇ ಇಸವಿಯ ಶಬ್ದಮಾಲಿನ್ಯ ನಿಯಮಗಳಿವೆ. ಕೆಲವೇ ಹಬ್ಬದ ದಿನಗಳಿಗೆ ವಿನಾಯಿತಿ. ನಮ್ಮ ಪುರಾಣ ಪ್ರವಚನಗಳು ಅದನ್ನು ಎಷ್ಟು ಪಾಲಿಸುತ್ತವೆ ಎಂಬುದು ನಿಮಗೇ ಗೊತ್ತು.

ಇಂದಿನ ಗೋಷ್ಠಿಯನ್ನು 8ಕ್ಕೆ ಮುಗಿಸಲು ಪೂಜ್ಯರು ಒಪ್ಪಿದ್ದಾರೆ. ಪ್ರಸಾದದ ನಂತರ ಪಾತ್ರೆ ತೊಳೆಯಲು ಅಣ್ಣಂದಿರಲ್ಲಿ ಐವರು ಹೆಸರು ಕೊಟ್ಟಿದ್ದಾರೆ. ಇನ್ನೂ ಮೂವರು ಬೇಕು.